ಮಿನಿ ಟ್ರ್ಯಾಕ್ಟರ್ ಫ್ಯಾನ್ ಬದಲಿಸುವಾಗ ಬೆಲ್ಟ್ ಮೊದಲು ಬಿಚ್ಚಬೇಡಿ

ತೋಟದಲ್ಲಿ ಓಡಾಡುವ ಮಿನಿ ಟ್ರ್ಯಾಕ್ಟರಿನ ಪ್ಲಾಸ್ಟಿಕ್ ಫ್ಯಾನ್ ಒಂದೇ ದಿನದಲ್ಲಿ ಮುರಿಯುವುದಿಲ್ಲ. ಮೊದಲು ರೆಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆಗಲೇ ಬದಲಿಸಿದರೆ ಫ್ಯಾನಿನ ಖರ್ಚು ಮಾತ್ರ. ರೆಕ್ಕೆ ಕಿತ್ತು ಹಾರಿದರೆ ರೇಡಿಯೇಟರ್ ಕೂಡ ಹೋಯಿತು. ಅಂಟು ಹಚ್ಚಿ ಓಡಿಸುವವರೂ ಇದ್ದಾರೆ. ಅವರ ಟ್ರ್ಯಾಕ್ಟರ್ ಮುಂದೆ ನಾನಂತೂ ನಿಲ್ಲುವುದಿಲ್ಲ.

ಇಂಜಿನ್ ಪೂರ್ತಿ ತಣ್ಣಗಾಗಲಿ. ಕೀ ಜೇಬಿಗೆ ಹಾಕಿಕೊಂಡು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ರಟ್ಟು ಇಳಿಬಿಡಿ. ಸ್ಪ್ಯಾನರ್ ಜಾರಿದರೆ ಅದಕ್ಕೆ ಬಡಿಯಲಿ. ಫ್ಯಾನಿನ ಸುತ್ತಲಿನ ಶ್ರೌಡ್ (ಗೂಡಿನಂಥ ಹೊದಿಕೆ) ಅಡ್ಡ ಬಂದರೆ ಬಿಚ್ಚಿ ಹಿಂದೆ ಸರಿಸಿ. ಕತ್ತರಿಸಿ ಎಸೆಯಬೇಡಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಇಂಜಿನಿನ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಸಾಮಾನ್ಯವಾಗಿ ಫ್ಯಾನ್ ನಾಲ್ಕು ಬೋಲ್ಟುಗಳಲ್ಲಿ ವಾಟರ್ ಪಂಪಿನ ಪುಲ್ಲಿಗೆ ಕೂತಿರುತ್ತದೆ. ಜನ ಮೊದಲು ಬೆಲ್ಟ್ ಬಿಚ್ಚುತ್ತಾರೆ. ಆಮೇಲೆ ಸ್ಪ್ಯಾನರ್ ಹಾಕಿದರೆ ಪುಲ್ಲಿಯೂ ಜೊತೆಗೇ ತಿರುಗುತ್ತದೆ. ಅದನ್ನು ನಿಲ್ಲಿಸಲು ರೆಕ್ಕೆಗೆ ಸ್ಕ್ರೂಡ್ರೈವರ್ ಕೊಡುತ್ತಾರೆ, ಅದು ಜಾರಿ ರೇಡಿಯೇಟರ್ ತೂತು! ಬೆಲ್ಟ್ ಬಿಗಿ ಇರುವಾಗಲೇ ನಾಲ್ಕೂ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಪುಲ್ಲಿಯನ್ನು ಬೆಲ್ಟೇ ಹಿಡಿದಿರುತ್ತದೆ. ಆಮೇಲೆ ಬೆಲ್ಟನ್ನು ಬಿಗಿಯಾಗಿ ಹಿಡಿದಿರುವ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬೋಲ್ಟ್ ಸಡಿಲಿಸಿ ಬೆಲ್ಟ್ ತೆಗೆಯಿರಿ. ಜೋಡಿಸುವಾಗ ಇದೇ ಉಲ್ಟಾ: ಫ್ಯಾನ್ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಬೆಲ್ಟ್ ಬಿಗಿ ಮಾಡಿದ ಮೇಲೆ ಎದುರುಬದುರಿನವನ್ನು ಜೋಡಿಯಾಗಿ ಬಿಗಿಯಿರಿ.

ಹಳೆಯ ಫ್ಯಾನ್ ತೆಗೆಯುವ ಮೊದಲೇ ರೇಡಿಯೇಟರ್ ಕಡೆಯ ಮುಖಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹಿಂದುಮುಂದಾಗಿ ಹಾಕಿದರೂ ತೂತುಗಳು ಸರಿಯಾಗಿ ಕೂರಬಹುದು, ಮೋಸ ಅಲ್ಲೇ. ಹಾಗೆ ಹಾಕಿದರೆ ಗಾಳಿ ತಿರುಗಿ ಬೀಸುತ್ತದೆ ಅನ್ನುವುದು ತಪ್ಪು. ದಿಕ್ಕು ಅದೇ ಇರುತ್ತದೆ, ಗಾಳಿ ಮಾತ್ರ ಕಡಿಮೆ. ಖಾಲಿ ಓಡಿಸಿದರೆ ಗೊತ್ತೇ ಆಗುವುದಿಲ್ಲ. ರೋಟವೇಟರ್ ಹಾಕಿದಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ.

ಅಗ್ಗದ ಡೂಪ್ಲಿಕೇಟ್ ಫ್ಯಾನ್ ಬೇಡವೇ ಬೇಡ. ತೂಕ ಸಮ ಇಲ್ಲದ ಫ್ಯಾನ್ ನಡುಗಿ ನಡುಗಿ ವಾಟರ್ ಪಂಪಿನ ಬೇರಿಂಗ್ ತಿನ್ನುತ್ತದೆ.

ಡೈನಮೋವನ್ನು ಮರದ ಹಿಡಿಯಿಂದ ಮೀಟಿ ಬೆಲ್ಟ್ ಬಿಗಿ ಮಾಡಿ, ಕಬ್ಬಿಣದ ರಾಡಿನಿಂದಲ್ಲ. ಬೆಲ್ಟಿನ ಉದ್ದದ ಭಾಗವನ್ನು ನಡುವೆ ಹೆಬ್ಬೆರಳಿಂದ ಒತ್ತಿದಾಗ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಎಷ್ಟು ಅಂತ ನಿಮ್ಮ ಗಾಡಿಯ ಪುಸ್ತಕದಲ್ಲೂ ನೋಡಿಕೊಳ್ಳಿ. ತಂತಿಯ ಹಾಗೆ ಬಿಗಿದರೆ ಬೇರಿಂಗಿಗೆ ಏಟು. ಕಿರುಗುಟ್ಟುವ ಬೆಲ್ಟಿಗೆ ಸಾಬೂನು ಉಜ್ಜುವುದು ಸುಮ್ನೆ ಸಮಾಧಾನಕ್ಕೆ ಅಷ್ಟೇ.

ರಟ್ಟು ತೆಗೆಯಲು ಮರೆಯಬೇಡಿ. ಫ್ಯಾನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗದಿದ್ದರೆ ಬ್ಯಾಟರಿ ವೈರ್ ಹಾಕಿ ಸ್ಟಾರ್ಟ್ ಮಾಡಿ. ಹೊಸ ಬೆಲ್ಟ್ ಹಾಕಿದ್ದರೆ ಮೊದಲ ದಿನದ ಕೆಲಸ ಮುಗಿದು ಇಂಜಿನ್ ತಣ್ಣಗಾದ ಮೇಲೆ ಇನ್ನೊಮ್ಮೆ ಒತ್ತಿ ನೋಡಿ. ಸಡಿಲ ಆಗಿಯೇ ಇರುತ್ತದೆ.