ಮದ್ದಿಲ್ಲದೆ ಒಡೆದ ಬಂಡೆ: ನೀರುನಾಯಿ ಮಡುವಿನ ಪಕ್ಕ ಎರಡು ಪಿಯರ್

ತುಂಗಭದ್ರೆಯ ನಡುವೆ, ನೀರುನಾಯಿಗಳು ಮರಿ ಹಾಕಿದ್ದ ಬಂಡೆಯಿಂದ ಅರವತ್ತು ಮೀಟರ್ ದೂರದಲ್ಲಿ, ಬಂಡೆಯ ಒಂದು ತೂತಿಗೂ ಸಿಡಿಮದ್ದು ತುಂಬದೆ ಸೇತುವೆಯ ಎರಡು ಪಿಯರ್‌ಗಳ (ಕಂಬಗಳ) ಫೌಂಡೇಶನ್ ತೆಗೆದೆವು. "ಆಗೋ ಮಾತಲ್ಲ, ಹೊಳಿ ಬಂದುಬಿಡ್ತೈತಿ, ಟ್ರ್ಯಾಕ್ಟರ್ ಮಾರಬೇಕಾಗ್ತೈತಿ ನೀನು" ಎಂದಿದ್ದವರೇ ಈಗ ಫೋನ್ ಮಾಡಿ ಹೆಂಗ ಮಾಡಿದಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಬಿಡಿಸಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುತ್ತೇನೆ. ಲೆಕ್ಕಗಳೆಲ್ಲ ನೆನಪಿನವು, ಐದು ಹತ್ತು ಸಾವಿರ ಆಚೀಚೆ ಇರಬಹುದು.

ನಾನು ಫೌಂಡೇಶನ್ ಕೆಲಸ ತುಂಡು ಗುತ್ತಿಗೆ ಹಿಡಿಯುವವನು. ಸೈಟು ಕಂಪ್ಲಿಯಿಂದ ಕೆಳಗೆ, ಬಳ್ಳಾರಿ ಜಿಲ್ಲೆಯ ದಡದಲ್ಲಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಗಡಿ ಅಲ್ಲಿಗೆ ಮುಗಿದರೂ ಪ್ರಾಣಿ ಅಲ್ಲಿಗೆ ನಿಲ್ಲುವುದಿಲ್ಲ. ನಮ್ಮ ಏಳು ಮತ್ತು ಎಂಟನೇ ಪಿಯರ್ ಪಕ್ಕದ ಮಡುವಿನಲ್ಲಿ ಒಂದು ಕುಟುಂಬವಿತ್ತು. ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ದಿನಾ ಹೊಸದು ಬೀಳುತ್ತಿತ್ತು. ಮೀಸಲಿನ ಹೊರಗಿದ್ದೇವಲ್ಲ, ನಮ್ಮನ್ನು ಯಾರು ಕೇಳುತ್ತಾರೆ ಎಂಬುದು ಸೈಟಿನಲ್ಲಿ ಎಲ್ಲರ ವಾದ. ನನಗೂ ಮೊದಲು ಹಾಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತ್ತು, ತುಂಗಭದ್ರಾ ಡ್ಯಾಮ್ ತುಂಬಿರಲಿಲ್ಲ. 2024ರ ಬೇಸಿಗೆಗೆ ಹೊಳೆ ಬಂಡೆಗಳ ನಡುವಿನ ಮಡುಗಳಷ್ಟೇ ಆಗಿ ಉಳಿಯಿತು. ಕೆಲಸಕ್ಕೆ ಅದು ಹಬ್ಬ. ಆದರೆ ಮೀನೆಲ್ಲ ಅವೇ ಮಡುಗಳಲ್ಲಿ, ಮೀನಿನ ಹಿಂದೆ ನೀರುನಾಯಿಯೂ ಅಲ್ಲೇ. ಬೇರೆಡೆ ಹೋಗಲು ಅವಕ್ಕೆ ದಾರಿಯೇ ಇರಲಿಲ್ಲ.

ಆರನೇ ಪಿಯರ್‌ನಲ್ಲಿ ಪರವಾನಗಿ ಇದ್ದವರನ್ನು ಕರೆಸಿ ಸಣ್ಣ ಮದ್ದು ಹಾರಿಸಿದೆವು. ತೂತಿಗೆ ಅರ್ಧ ಪ್ರಮಾಣ, ಮೇಲೆ ಮರಳು ಚೀಲ, ನಿಯಮದ ಪ್ರಕಾರ ಎಲ್ಲ ಸರಿ. ಹಾರಿಸಿ ಹತ್ತು ನಿಮಿಷಕ್ಕೆ ಮಡುವಿನಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದವು. ಗಾಳಿಯಲ್ಲಿ ಸದ್ದು ಸಣ್ಣದಾದರೂ ನೀರಿನೊಳಗೆ ಆ ಪೆಟ್ಟು ದೂರ ಹೋಗುತ್ತದೆ, ಮೀನಿನ ಗಾಳಿಚೀಲ ಒಡೆದುಬಿಡುತ್ತದೆ. ಹೊಳೆಯಲ್ಲಿ ಮದ್ದು ಹಾಕಿ ಮೀನು ಹಿಡಿಯುವವರನ್ನು ನಾವೇ ಬಯ್ಯುತ್ತೇವೆ, ಅವತ್ತು ನಾವು ಮಾಡಿದ್ದೂ ಅದೇ. ಒಂಬತ್ತು ದಿನ ಬಂಡೆಯ ಮೇಲೆ ಹೊಸ ಹಿಕ್ಕೆ ಇಲ್ಲ. ಹತ್ತನೇ ದಿನ ಬೆಳಗ್ಗೆ ಮೂರು ನೀರುನಾಯಿ ಕಂಡವು. ಮೊದಲು ಐದಿದ್ದವು. ಅವತ್ತೇ ಏಳು, ಎಂಟಕ್ಕೆ ಮದ್ದು ಬೇಡ ಎಂದು ತೀರ್ಮಾನಿಸಿದೆ. ಮುಖ್ಯ ಗುತ್ತಿಗೆದಾರರ ಎಂಜಿನಿಯರ್ ನಕ್ಕರು. ಹೆಚ್ಚಿನ ಖರ್ಚಾದರೆ ನಿನ್ನದು, ತಡವಾದರೆ ದಂಡವೂ ನಿನ್ನದು ಎಂದರು. ಒಪ್ಪಿದೆ.

ಮೊದಲು ಕೈ ಹಾಕಿದ್ದು ಉಬ್ಬುವ ಪುಡಿಗೆ. ನೀರಿನಲ್ಲಿ ಕಲಸಿ ತೂತಿಗೆ ಸುರಿದರೆ ರಾತ್ರಿಯಿಡೀ ಉಬ್ಬಿ ಕಲ್ಲು ಸೀಳುತ್ತದಲ್ಲ, ಅದೇ. ಎಪ್ಪತ್ತು ಸಾವಿರದ ಮಾಲು ತರಿಸಿದೆ. ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಿಲು, ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಅರ್ಧ ತಾಸಿಗೇ ಪುಡಿ ಬಿಸಿಯಾಗಿ ತೂತಿನಿಂದ ಪಿಚಕಾರಿಯಂತೆ ಹಾರಿತು. ಒಬ್ಬ ಹುಡುಗನ ಕೆನ್ನೆ ಸುಟ್ಟಿತು, ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಒಸರು ನೀರಿದ್ದ ತೂತುಗಳಲ್ಲಿ ಪುಡಿ ತೊಳೆದುಹೋಯಿತು. ಅದು ಸುಣ್ಣದ ಜಾತಿ, ಮಡುವಿಗೆ ಇಳಿದರೆ ಮೀನಿಗೆ ಮದ್ದಿನಷ್ಟೇ ಕೇಡು. ಉಳಿದ ಚೀಲಗಳನ್ನು ಅರ್ಧ ರೇಟಿಗೆ ಮಾರಿದೆ. ಚಳಿಗಾಲದಲ್ಲಿ, ಒಣ ಕಲ್ಲಿನಲ್ಲಿ ಅದು ಕೆಲಸ ಮಾಡೀತು. ನಮ್ಮ ಹೊಳೆಗಲ್ಲ.

ಆಮೇಲೆ ಆಗಸ್ಟ್ ಬಂತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದದ್ದು ಎಲ್ಲರಿಗೂ ಗೊತ್ತು. ಹೊಸ ಗೇಟು ಇಳಿಸಲು ಡ್ಯಾಮ್ ಖಾಲಿ ಮಾಡಬೇಕೆಂದು ಲಕ್ಷ ಕ್ಯೂಸೆಕ್ ಹತ್ತಿರ ಬಿಟ್ಟರು. ಪಿಯರ್ ತನಕ ಹೋಗಲು ಹೊಳೆಯೊಳಗೆ ಹಾಕಿದ್ದ ನನ್ನ ದಾರಿ ಒಡ್ಡು, ಒಂದು ಪಂಪು, ನಾಲ್ಕು ನೂರು ಮರಳು ಚೀಲ ಹೊಳೆಪಾಲು. ಸುಮಾರು ಎರಡು ಲಕ್ಷ.

ಡಿಸೆಂಬರ್‌ನಲ್ಲಿ ಮತ್ತೆ ಇಳಿದಾಗ ತೂತಿಗೆ ಬೆಣೆ ಬಡಿದು ಕಲ್ಲು ಸೀಳುವ ಮೇಸ್ತ್ರಿ ಅಜ್ಜನನ್ನು ಹುಡುಕಿ ತಂದೆ. ಹಂಪಿಯ ಬಂಡೆಗಳಲ್ಲಿ ಸಾಲಾಗಿ ಹಲ್ಲಿನಂತಹ ಗುಳಿಗಳನ್ನು ನೋಡಿದ್ದೀರಲ್ಲ, ಅದೇ ವಿದ್ಯೆ. ಅಜ್ಜ ಬಂಡೆಯ ಮೇಲೆ ನೀರು ಚೆಲ್ಲಿ, ಅದು ಆರುವುದನ್ನು ನೋಡುತ್ತ ಕೂತ. ಅರ್ಧ ತಾಸಾದ ಮೇಲೆ, "ತಮ್ಮಾ, ಕಲ್ಲಿಗೂ ಎಳಿ ಇರ್ತೈತಿ. ಎಳಿ ಹಿಡದು ಬಡಿದ್ರ ಅದ ಬಾಯಿ ಬಿಡ್ತೈತಿ, ಮದ್ದ್ಯಾಕ?" ಎಂದ.

ತೂತು ಮಾತ್ರ ಕಂಪ್ರೆಸರ್‌ನಿಂದ ಕೊರೆದೆವು, ಅದೂ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ನೀರುನಾಯಿ ಮೇಯುವುದು ಬೆಳಗಿನ ಜಾವ ಮತ್ತು ಸಂಜೆ. ಮೊದಲ ವಾರ ನಾನು ಆಸೆಬಿದ್ದು ಆರರವರೆಗೆ ಓಡಿಸಿದೆ, ಅವು ಎರಡು ದಿನ ಮಡುವಿಗೆ ಇಳಿಯಲಿಲ್ಲ. ಮತ್ತೆ ಆ ತಪ್ಪು ಮಾಡಲಿಲ್ಲ. ಉಳಿದ ಹೊತ್ತೆಲ್ಲ ಸುತ್ತಿಗೆ, ಚಾಣ, ಬೆಣೆ. ಸುತ್ತಿಗೆ ಸದ್ದಿಗೆ ಅವು ನಾಲ್ಕೇ ದಿನಕ್ಕೆ ಹೊಂದಿಕೊಂಡವು. ರಾತ್ರಿ ಹ್ಯಾಲೋಜನ್ ಪೂರ್ತಿ ಬಂದ್, ಕಾವಲುಗಾರನಿಗೆ ಒಂದು ಬ್ಯಾಟರಿ ಸಾಕು.

ತೂತಿಗೆ ತೂತಿಗೆ ಎಷ್ಟು ಅಂತರ, ಬೆಣೆ ಬಡಿಯುವ ಹಿಂದಿನ ರಾತ್ರಿ ತೂತಿನಲ್ಲಿ ಏನು ಮಾಡಿಡುತ್ತಾರೆ, ಇವೆರಡನ್ನು ಬರೆಯುವುದಿಲ್ಲ. ಅಜ್ಜನ ಹೊಟ್ಟೆಪಾಡು ಅದು, ಮಾತು ಕೊಟ್ಟಿದ್ದೇನೆ.

ಹಣದ ವಿಷಯಕ್ಕೆ ಬರುತ್ತೇನೆ. ಎರಡೂ ಗುಂಡಿ ಸೇರಿ 240 ಕ್ಯೂಬಿಕ್ ಮೀಟರ್ ಕಲ್ಲು. ಮದ್ದಿನಲ್ಲಿ ಮೀಟರಿಗೆ ಆರು ನೂರರಂತೆ ಒಂದೂವರೆ ಲಕ್ಷದ ಒಳಗೆ ಮುಗಿಯುತ್ತಿತ್ತು, ಹನ್ನೆರಡು ದಿನ. ಬೆಣೆಯಲ್ಲಿ ನಾಲ್ಕೂವರೆ ಲಕ್ಷ, ಮೂವತ್ತೆಂಟು ದಿನ. ಮೂರು ಲಕ್ಷ ಲುಕ್ಸಾನು ಎಂದು ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಮದ್ದು ಹಾಕಿದರೆ ಗುಂಡಿ ಅಳತೆ ಮೀರಿ ಕಿತ್ತುಹೋಗುತ್ತದೆ, ಆ ಹೆಚ್ಚುವರಿ ಜಾಗಕ್ಕೆ ಕಾಂಕ್ರೀಟ್ ತುಂಬುವವರು ನಾವೇ, ಬಿಲ್ ಬರುವುದಿಲ್ಲ. ಆರನೇ ಪಿಯರ್‌ನಲ್ಲಿ ಆ ಪೆಟ್ಟು ತಿಂದಿದ್ದೆ. ಬೆಣೆಯಲ್ಲಿ ಗೋಡೆ ಚಾಕುವಿನಲ್ಲಿ ಕುಯ್ದಂತೆ ಬಂತು. ಏನಿಲ್ಲವೆಂದರೂ ಇಪ್ಪತ್ತೈದು ಮೀಟರ್ ಕಾಂಕ್ರೀಟ್ ಉಳಿಯಿತು, ಒಂದೂಕಾಲು ಒಂದೂವರೆ ಲಕ್ಷ. ಒಡೆದ ಕಲ್ಲು ಚೌಕವಾಗಿ ಬಂದದ್ದರಿಂದ ದಡದ ಪಿಚಿಂಗ್‌ಗೆ (ಕಲ್ಲು ಹೊದಿಕೆಗೆ) ಹೊರಗಿನ ಕಲ್ಲು ತರಿಸಲಿಲ್ಲ, ಅದರಲ್ಲಿ ಉಳಿದದ್ದು ಎಪ್ಪತ್ತು ಸಾವಿರ. ಕೊನೆಗೆ ಬೆಣೆ ಕೆಲಸಕ್ಕೆಂದು ಕೈಯಿಂದ ಹೆಚ್ಚು ಹೋದದ್ದು ಲಕ್ಷದ ಆಸುಪಾಸು. ಗುಂಡಿ ನೋಡಲು ಬಂದ ಅದೇ ಎಂಜಿನಿಯರ್ ಟೇಪ್ ಹಿಡಿದು ಅಳೆದು, ಎರಡು ಇಂಚೂ ಹೆಚ್ಚಿಲ್ಲ ಎಂದು ತಾವೇ ಬರೆದುಕೊಂಡರು.

ದಾರಿ ಒಡ್ಡಿನ ಬಗ್ಗೆ ಒಂದು ಮಾತು. ಮುಂಬೈಯ ಅಟಲ್ ಸೇತುವೆ ಕೆಲಸದಲ್ಲಿ ಒಂದು ವರ್ಷ ಗ್ಯಾಂಗ್ ನೋಡಿಕೊಂಡಿದ್ದೆ. ಅಲ್ಲಿ ಶಿವಡಿ ಕಡೆಯ ಕೆಸರು ಬಯಲಿಗೆ ರಾಜಹಂಸಗಳು ಬರುತ್ತವೆ. ಮಣ್ಣು ಸುರಿದು ದಾರಿ ಮಾಡಿದರೆ ಉಬ್ಬರದ ನೀರು ಆಡುವುದಿಲ್ಲ, ಹಕ್ಕಿಗೆ ಮೇವಿರುವುದಿಲ್ಲ. ಅದಕ್ಕೆ ಉಕ್ಕಿನ ತಾತ್ಕಾಲಿಕ ಸೇತುವೆ ಹಾಕಿ ಕೆಲಸ ನಡೆಸಿದರು. ನಮ್ಮಂಥವರಿಗೆ ಅಷ್ಟು ಉಕ್ಕು ಎಲ್ಲಿಂದ? ನಾನು ಒಡ್ಡಿನಲ್ಲಿ ಆರು ದೊಡ್ಡ ಹ್ಯೂಮ್ ಪೈಪು (ಸಿಮೆಂಟ್ ಕೊಳವೆ) ಕೂರಿಸಿ, ಮಡುವಿನ ಕಡೆಯ ಕವಲನ್ನು ಮುಟ್ಟದೆ ಬಿಟ್ಟೆ. ಪೈಪಿನೊಳಗಿಂದ ನೀರುನಾಯಿ ದಾಟಿದ ಹೆಜ್ಜೆ ಗುರುತು ಒದ್ದೆ ಮರಳಿನಲ್ಲಿ ಎರಡು ಮೂರು ಸಲ ಸಿಕ್ಕಿತು.

ಗುಂಡಿಯ ರಾಡಿ ನೀರನ್ನು ಸೋಸಲು ಗಂಗಾವತಿ ಕಡೆಯಿಂದ ಭತ್ತದ ಹುಲ್ಲಿನ ಪೆಂಡಿ ತಂದು ಪಂಪಿನ ಬಾಯಿಗೆ ಅಡ್ಡ ಜೋಡಿಸಿದೆ. ಎರಡು ದಿನ ನೀರು ತಿಳಿಯಾಗಿ ಬಂತು, ನಾಲ್ಕನೇ ದಿನ ಹುಲ್ಲು ಕೊಳೆತು ಗಬ್ಬು. ಮೊದಲು ಗುಂಡಿಯಲ್ಲಿ ಒಂದು ರಾತ್ರಿ ತಂಗಿಸಿ ಆಮೇಲೆ ಹುಲ್ಲಿಗೆ ಬಿಟ್ಟರೆ ಪೆಂಡಿ ವಾರ ಬಾಳುತ್ತದೆ. ಹಳೆಯ ಹುಲ್ಲನ್ನು ಹೊಳೆಗೆ ಎಸೆಯಬೇಡಿ, ತಿಪ್ಪೆಗೆ ಹಾಕಿ.

ಮಾರ್ಚ್‌ನಲ್ಲಿ ನಾವು ರಾಶಿ ಹಾಕಿದ್ದ ಮರಳ ದಿಬ್ಬದ ಮೇಲೆ ರೀವ (ಟರ್ನ್) ಹಕ್ಕಿಗಳು ಬಂದು ಮೊಟ್ಟೆಯಿಟ್ಟವು. ಒಂದು ಡಜನ್ ಗೂಡಿರಬೇಕು. ಸುತ್ತ ಹಗ್ಗ ಕಟ್ಟಿ, ನಾಯಿ ಬಾರದಂತೆ ಮುಳ್ಳು ಹಾಕಿ, ಆ ಮರಳನ್ನು ಮರಿ ಹಾರುವವರೆಗೆ ಬಿಟ್ಟುಕೊಟ್ಟೆವು. ಬೇರೆ ಮರಳಿಗೆ ಎಂಟು ಸಾವಿರ ಹೆಚ್ಚಾಯಿತು.

ಮೇ ಕೊನೆಗೆ ಒಡ್ಡು ಬಿಚ್ಚಿ ಪೈಪು ಎತ್ತಿದ ದಿನ ಮಡುವಿನಲ್ಲಿ ಏಳು ನೀರುನಾಯಿ ಎಣಿಸಿದೆ, ಅದರಲ್ಲಿ ಎರಡು ಆ ವರ್ಷದ ಮರಿ. ಒಂಬತ್ತನೇ ಪಿಯರ್ ಈ ಡಿಸೆಂಬರ್‌ಗೆ. ಅಜ್ಜನಿಗೆ ಈಗಲೇ ಮುಂಗಡ ಕೊಟ್ಟಿದ್ದೇನೆ.