ಲೋಟನು ಆರಿಸಿಕೊಂಡದ್ದು ತರಿ ಜಮೀನು

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 13ನೆಯ ಅಧ್ಯಾಯವನ್ನು ಮಂಡ್ಯದ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಬ್ರಾಮನ ದನಗಾಹಿಗಳಿಗೂ ಲೋಟನ ದನಗಾಹಿಗಳಿಗೂ ಮೇವಿನ ಜಾಗಕ್ಕಾಗಿ ಜಗಳವಾಗುತ್ತದೆ. ಹಿರಿಯನಾದ ಅಬ್ರಾಮ, ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಹೋಗುತ್ತೇನೆ, ಆರಿಸಿಕೋ ಎನ್ನುತ್ತಾನೆ. ಲೋಟ ಕಣ್ಣೆತ್ತಿ ನೋಡುತ್ತಾನೆ. ಯೊರ್ದನ್ ಹೊಳೆಯ ಬಯಲೆಲ್ಲ ನೀರಾವರಿ. ಅದನ್ನೇ ಹಿಡಿಯುತ್ತಾನೆ. ಪಹಣಿಯ ಭಾಷೆಯಲ್ಲಿ ಹೇಳುವುದಾದರೆ ಲೋಟನಿಗೆ ನೀರಿನ ತರಿ, ಅಬ್ರಾಮನಿಗೆ ಮಳೆ ನಂಬಿದ ಖುಷ್ಕಿ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬರುವ ಮೊದಲು ರಾಗಿ, ಹುರುಳಿ ನಂಬಿಕೊಂಡು ಬದುಕಿದವರ ಮನೆಯಲ್ಲಿ ಹುಟ್ಟಿದ ನನಗೆ ಲೋಟನ ಮೇಲೆ ಎಂದೂ ಸಿಟ್ಟು ಬಂದಿರಲಿಲ್ಲ. ಬುದ್ಧಿ ನೆಟ್ಟಗಿರುವ ಯಾರಾದರೂ ಅದನ್ನೇ ಅಲ್ಲವೇ ಆರಿಸಿಕೊಳ್ಳುವುದು?

ಅದೇ ಅಧ್ಯಾಯದಲ್ಲಿ ಕಣ್ತಪ್ಪಿಸಿಕೊಂಡು ಹೋಗುವ ಒಂದು ಸಣ್ಣ ಮಾತಿದೆ. ಲೋಟ ಪಾಪಕ್ಕೆ ಹೆಸರಾದ ಸೊದೋಮ್ ಎಂಬ ಊರಿನ ಕಡೆಗೆ ಗುಡಾರ ಹಾಕಿಕೊಳ್ಳುತ್ತಾ ಹೋದನಂತೆ. 19ನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಗುಡಾರದ ಸುದ್ದಿಯಿಲ್ಲ. ಅವನು ಸೊದೋಮಿನ ಊರಬಾಗಿಲಲ್ಲಿ ಕುಳಿತಿದ್ದಾನೆ, ಊರೊಳಗೆ ಮನೆ ಇದೆ, ಅಳಿಯಂದಿರಾಗುವವರು ಇದ್ದಾರೆ. ಯಾವ ದಿನ ಊರೊಳಗೆ ಕಾಲಿಟ್ಟ ಎಂದು ಬರೆದಿಲ್ಲ. ನಾನು ಯಾವ ದಿನ ಕಾಲಿಟ್ಟೆ ಎಂದು ನನಗೂ ಹೇಳಲಾಗದು.

ನನ್ನ ಮನೆ ಮೈಸೂರಿನಲ್ಲಿ, ಕೆಲಸ ಮಂಡ್ಯದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ. ಗಣಿತದ ಮೇಷ್ಟ್ರು. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುವವನು. 2021ರ ಹೊತ್ತಿಗೆ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಹತ್ತು ಪಥ ಮಾಡುವ ಕೆಲಸ ಭರದಿಂದ ನಡೆದಿತ್ತು. ನಾನು ಕೂರುತ್ತಿದ್ದ ಬೋಗಿಯಲ್ಲಿ ನಾಲ್ಕೈದು ಮಂದಿ ಜಮೀನಿನ ವ್ಯವಹಾರದವರಿದ್ದರು. ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿ ದಾಟಿ, ಪಾಂಡವಪುರ, ಯಲಿಯೂರು ಕಳೆಯುವಷ್ಟರಲ್ಲಿ ಕಿಟಕಿಯ ಹೊರಗಿನ ಗದ್ದೆಗೆಲ್ಲ ಗುಂಟೆಯ ಲೆಕ್ಕದಲ್ಲಿ ಬೆಲೆ ಕಟ್ಟಿ ಮುಗಿಸುತ್ತಿದ್ದರು. ನಾನು ಮೊದಲು ಬರೀ ಕೇಳುತ್ತಿದ್ದೆ. ಆಮೇಲೆ ಲೆಕ್ಕ ತಪ್ಪಿದರೆ ತಿದ್ದುತ್ತಿದ್ದೆ, ಮೇಷ್ಟ್ರಲ್ಲವೇ. ಆಮೇಲೊಂದು ದಿನ ನನ್ನ ವಿದ್ಯಾರ್ಥಿಯೊಬ್ಬನ ತಂದೆಗೆ ಜಮೀನು ಮಾರಬೇಕಾಗಿದೆ ಎಂದು ನಾನೇ ಬಾಯಿ ಬಿಟ್ಟೆ. ಎರಡು ಪರ್ಸೆಂಟ್ ಕಮಿಷನ್, ಮೂವರಿಗೆ ಹಂಚಿಕೆ. ಕೈಗೆ ಬಂದದ್ದು ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು.

ಇಲ್ಲಿ ನಮ್ಮ ಸಭೆಯ, ಎಂದರೆ ನಮ್ಮ ಚರ್ಚಿನ, ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ಹಿರಿಯರು 'ಲೋಕ' ಎಂದರೆ ಏನು ಎಂಬುದಕ್ಕೆ ಒಂದು ಪಟ್ಟಿ ಇಟ್ಟುಕೊಂಡಿದ್ದರು: ಸಿನಿಮಾ, ಬೀಡಿ, ಇಸ್ಪೀಟು, ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ರಾತ್ರಿ ಹತ್ತರವರೆಗೆ ಅಲೆಯುವುದು. ಆ ಪಟ್ಟಿಯಲ್ಲಿ ಸೈಟು ಇರಲಿಲ್ಲ. ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಎದ್ದು, ಕರ್ತನು ನನಗೆ ಈ ವರ್ಷ ಎರಡನೆಯ ಸೈಟು ಕೊಟ್ಟನು ಎಂದು ಸಾಕ್ಷಿ ಹೇಳಿದರೆ ಎಲ್ಲರೂ ಸ್ತೋತ್ರ ಎನ್ನುತ್ತಿದ್ದರು. ನಾನೂ ಎಂದಿದ್ದೇನೆ. ಸಿನಿಮಾ ನೋಡದ, ಬೀಡಿ ಸೇದದ ನಾನು ಆ ಎರಡು ವರ್ಷ ನನ್ನನ್ನು ಒಳ್ಳೆಯ ಕ್ರೈಸ್ತನೆಂದೇ ತಿಳಿದಿದ್ದೆ. ಬಂದದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ಸಭೆಗೆ ಕೊಡುವ ದಶಮಾಂಶವನ್ನೂ ಸರಿಯಾಗಿ ಕೊಡುತ್ತಿದ್ದೆ, ಕಮಿಷನ್ನಿನದ್ದೂ ಸೇರಿಸಿ.

ಒಂದು ಭಾನುವಾರ, ಸಭಾಪಾಲಕರು ವಿಜ್ಞಾಪನಾ ಪ್ರಾರ್ಥನೆ ಮಾಡುತ್ತಿದ್ದಾಗ, ಅಂಗಿಯ ಜೇಬಿನಲ್ಲಿದ್ದ ಮೊಬೈಲ್ ಎದೆಯ ಮೇಲೆ ನಡುಗಿತು. ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ಮಾತನಾಡಿದೆ. ಒಳಗೆ ಎಲ್ಲರೂ 'ನಮ್ಮನ್ನು ಶೋಧನೆಯೊಳಗೆ ಸೇರಿಸದೆ', ಅಂದರೆ ಪಾಪದ ಸೆಳೆತಕ್ಕೆ ಒಡ್ಡದೆ, ಎನ್ನುವುದು ಕಿಟಕಿಯಿಂದ ಕೇಳಿಸುತ್ತಿತ್ತು. ನಾನು ಒಂದು ಕಿವಿ ಮುಚ್ಚಿಕೊಂಡು, ಗುಂಟೆಗೆ ಎಷ್ಟಕ್ಕೆ ನಿಲ್ಲುತ್ತಾರೆ ಕೇಳಿ, ಎಂದೆ.

ಆ ಕರೆ ಒಬ್ಬ ಅಜ್ಜಿಯ 18 ಗುಂಟೆಯ ಬಗ್ಗೆ. ಗಂಡ ತೀರಿಕೊಂಡಿದ್ದ, ಮಗ ಬೆಂಗಳೂರಿನಲ್ಲಿ. ಮೇಷ್ಟ್ರು ಎಂಬ ಕಾರಣಕ್ಕೆ ಆಕೆ ನನ್ನನ್ನು ನಂಬಿದಳು. ಕೊಳ್ಳುವವರು ಗುಂಟೆಗೆ 1.85 ಲಕ್ಷಕ್ಕೆ ಒಪ್ಪಿದ್ದರು. ನಾವು ಆಕೆಗೆ ಹೇಳಿದ್ದು 1.60 ಲಕ್ಷ. ನಡುವಿನ 25 ಸಾವಿರವನ್ನು 18ರಿಂದ ಗುಣಿಸಿದರೆ ನಾಲ್ಕೂವರೆ ಲಕ್ಷ. ಮೂವರಿಗೆ ತಲಾ ಒಂದೂವರೆ. ಕೂಡಿಸಿ ಕಳೆಯುವ ಕೆಲಸವನ್ನು ಮಾಡಿದವನು ನಾನೇ. ಕ್ರಯಪತ್ರದ ದಿನ ಆಕೆ ನೀಲಿ ಶಾಯಿ ಮೆತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ನೀವಿಲ್ಲದಿದ್ದರೆ ನನಗೆ ಯಾರಿದ್ದರು ಮೇಷ್ಟ್ರೇ ಎಂದಳು. ಎಷ್ಟು ಒರೆಸಿದರೂ ಬಣ್ಣ ಹೋಗಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ನಾನು ಕುಡಿದೆ. ಒಳ್ಳೆಯ ಮಜ್ಜಿಗೆ, ಶುಂಠಿ ಹಾಕಿದ್ದಳು.

ಯೆಹೋಶುವನ ಪುಸ್ತಕದಲ್ಲಿ ಆಕಾನನೆಂಬವನು ಯೆರಿಕೋ ಪಟ್ಟಣದ ಕೊಳ್ಳೆಯಲ್ಲಿ ಶಿನಾರಿನ ಒಂದು ಒಳ್ಳೆಯ ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ಇವನ್ನು ಕದ್ದು ಗುಡಾರದೊಳಗೆ ಹೂತಿಡುತ್ತಾನೆ. ಸಿಕ್ಕಿಬಿದ್ದಾಗ ಅವನು ಹೇಳುವುದು ಮೂರೇ ಕ್ರಿಯಾಪದ: ಕಂಡೆ, ಆಶಿಸಿದೆ, ತೆಗೆದುಕೊಂಡೆ. ನಾನು ಹೊಸ ಮೋಟಾರ್‌ಸೈಕಲ್ ತೆಗೆದುಕೊಂಡೆ. ಅದನ್ನು ಹೂತಿಡಲಾಗುವುದಿಲ್ಲವಲ್ಲ, ಬೀದಿಯಲ್ಲೇ ನಿಲ್ಲಿಸುತ್ತಿದ್ದೆ. ಹೆಂಡತಿ ಅದರ ಹಿಂದೆ ಎರಡೇ ಸಲ ಕುಳಿತಳು. ಮೂರನೆಯ ಸಲ, ನಾನು ಬಸ್ಸಿನಲ್ಲಿ ಬರುತ್ತೇನೆ, ಇದು ಯಾರದ್ದೋ ಎನ್ನಿಸುತ್ತದೆ ಎಂದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ.

ಇನ್ನು ಬಿಡಿಸಿಕೊಂಡ ಬಗೆ. ಮೊದಲು, ಫಲಿಸದೆ ಹೋದದ್ದನ್ನು ಹೇಳುತ್ತೇನೆ. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಕಣ್ಣೀರಿಟ್ಟು, ಇನ್ನು ಮುಂದೆ ಇಲ್ಲ ಕರ್ತನೇ ಎಂದು ಪ್ರತಿಜ್ಞೆ ಮಾಡಿದೆ. ಜನವರಿ ಎರಡನೆಯ ವಾರದವರೆಗೆ ಬಾಳಿಕೆ ಬಂತು. ಶುಕ್ರವಾರ ಉಪವಾಸ ಹಿಡಿದೆ. ಅದರಿಂದ ಹೊಟ್ಟೆ ಹಸಿಯಿತು, ಜೊತೆಗೆ ಉಪವಾಸ ಮಾಡದವರ ಮೇಲೆ ತಾತ್ಸಾರ ಹುಟ್ಟಿತು. ಇನ್ನೊಂದು ರೋಗ ಅಂಟಿಸಿಕೊಂಡಂತಾಯಿತು. ಆಶೆ ಬಂದಾಗ ಎದುರು ನಿಂತು ಹೋರಾಡುತ್ತೇನೆ ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ ಆದಿಕಾಂಡದಲ್ಲಿ ಯಜಮಾನ ಪೋಟೀಫರನ ಹೆಂಡತಿ ತನ್ನೊಡನೆ ಮಲಗೆಂದು ಬಟ್ಟೆ ಹಿಡಿದಾಗ ಯೋಸೇಫ ಹೋರಾಡಲಿಲ್ಲ, ಬಟ್ಟೆಯನ್ನು ಆಕೆಯ ಕೈಯಲ್ಲೇ ಬಿಟ್ಟು ಓಡಿದ. ಮಾನ ಹೋದರೂ ಪರವಾಗಿಲ್ಲ ಎಂದು ಓಡುವುದನ್ನು ಕಲಿಯಲು ನನಗೆ 40 ದಾಟಬೇಕಾಯಿತು.

ಹಾಗಾಗಿ ಮೊದಲು ಕಿತ್ತದ್ದು ಗುಡಾರವನ್ನು. ಬೋಗಿ ಬದಲಿಸಿದೆ. ಕೇಳಲು ನಗೆ ಬರಬಹುದು, ಆದರೆ ಅಷ್ಟು ಕಷ್ಟದ ಕೆಲಸ ಬೇರೆ ಮಾಡಿಲ್ಲ. ಅದೇ ರೈಲು, ಅದೇ ಪ್ಲಾಟ್‌ಫಾರ್ಮ್. ಅವರು ಕೈ ಬೀಸಿ ಕರೆಯುತ್ತಿದ್ದರು, ಜಾಗ ಹಿಡಿದಿದ್ದೇವೆ ಬನ್ನಿ ಎನ್ನುತ್ತಿದ್ದರು. ನಾನು ಕಡೆಯ ಬೋಗಿಗೆ ನಡೆದು ಹೋಗುತ್ತಿದ್ದೆ. ಅಲ್ಲಿ ಹೂವಿನ ಬುಟ್ಟಿಗಳೂ ಕಾಲೇಜಿನ ಹುಡುಗರ ಗದ್ದಲವೂ ತುಂಬಿರುತ್ತಿದ್ದವು, ಕೂರಲು ಜಾಗವಿರುತ್ತಿರಲಿಲ್ಲ. ಮೊದಲ ತಿಂಗಳು ಗದ್ದೆಗಳು ಕಿಟಕಿಯಲ್ಲಿ ಗುಂಟೆಗಳಾಗಿಯೇ ಕಾಣುತ್ತಿದ್ದವು. ಎರಡನೆಯ ಸಿಮ್ ಕಾರ್ಡನ್ನು ಕತ್ತರಿಸಿ ಹಾಕಿದೆ. ಮೊಬೈಲನ್ನು ಭಾನುವಾರ ಮನೆಯ ಅಕ್ಕಿ ಡಬ್ಬದ ಮೇಲೆ ಇಟ್ಟು ಸಭೆಗೆ ಹೋಗುವ ರೂಢಿ ಆಗ ಶುರುವಾದದ್ದು, ಈಗಲೂ ಇದೆ.

ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಒಂದು ಹಳೆಯ ಪದ್ಧತಿ. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆಗುವ ಮುಂಚೆ ಮೈಸೂರು ಸೀಮೆಯ ನಮ್ಮ ಸಭೆಗಳು ವೆಸ್ಲಿಯನ್ ಮಿಷನ್ನಿಗೆ ಸೇರಿದವು. ಆ ಪಂಥದ ಮೂಲಪುರುಷರಾದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ 1738ರ ಡಿಸೆಂಬರ್‌ನಲ್ಲಿ ಸಣ್ಣ ಸಣ್ಣ ಗುಂಪುಗಳಿಗೆ ನಿಯಮಗಳನ್ನು ಬರೆದುಕೊಟ್ಟಿದ್ದರು: ವಾರಕ್ಕೊಮ್ಮೆ ಸೇರಬೇಕು, ಒಬ್ಬರನ್ನೊಬ್ಬರು ಕೇಳಬೇಕು. ಕಳೆದ ಸಲ ಕೂಡಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು? ಯಾವ ಶೋಧನೆಗಳು ಎದುರಾದವು? ಅವುಗಳಿಂದ ಬಿಡುಗಡೆ ಹೇಗಾಯಿತು? ನಾಲ್ಕನೆಯ ಪ್ರಶ್ನೆಯೇ ನನ್ನನ್ನು ಹಿಡಿದದ್ದು: ಪಾಪವೋ ಅಲ್ಲವೋ ಎಂದು ನಿನಗೇ ಅನುಮಾನವಿರುವಂಥದ್ದು ಏನನ್ನು ಯೋಚಿಸಿದೆ, ಏನು ಆಡಿದೆ, ಏನು ಮಾಡಿದೆ? ನನ್ನ ಎರಡು ವರ್ಷದ ವ್ಯವಹಾರವೆಲ್ಲ ಈ ನಾಲ್ಕನೆಯ ಖಾನೆಯಲ್ಲಿ ಬೀಳುತ್ತಿತ್ತು. ಕಮಿಷನ್ ಕಾನೂನಿಗೆ ವಿರುದ್ಧವೇ? ಅಲ್ಲ. ಎಲ್ಲರೂ ಮಾಡುವುದಿಲ್ಲವೇ? ಮಾಡುತ್ತಾರೆ. ಅಜ್ಜಿ ಒಪ್ಪಿಯೇ ಹೆಬ್ಬೆಟ್ಟು ಒತ್ತಲಿಲ್ಲವೇ? ಒತ್ತಿದಳು.

ಸಭೆಯಲ್ಲೇ ಒಬ್ಬ ಗೆಳೆಯನಿದ್ದಾನೆ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಮಾತು ಕಡಿಮೆ. ಶುಕ್ರವಾರ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆಯುತ್ತಾ ಈ ನಾಲ್ಕು ಪ್ರಶ್ನೆಗಳನ್ನು ಒಬ್ಬರನ್ನೊಬ್ಬರು ಕೇಳುವುದು ಎಂದು ಗೊತ್ತುಮಾಡಿಕೊಂಡೆವು. ಮೊದಲ ಮೂರು ವಾರ ನಾನು ಸಿಡುಕು, ಅಸೂಯೆ, ಪ್ರಾರ್ಥನೆಯಲ್ಲಿ ನಿದ್ದೆ ಇಂಥ ಮರ್ಯಾದಸ್ಥ ಪಾಪಗಳನ್ನೇ ಒಪ್ಪಿಸಿದೆ. ನಾಲ್ಕನೆಯ ವಾರ ಅಜ್ಜಿಯ ಸುದ್ದಿ ಹೊರಬಿತ್ತು. ಅವನು ಬೋಧನೆ ಮಾಡಲಿಲ್ಲ. ಕೆರೆಯ ಹಕ್ಕಿಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತು, ಎಷ್ಟು ಎಂದು ಕೇಳಿದ. ಒಂದೂವರೆ ಎಂದೆ. ಆಕೆಗೆ ನಷ್ಟವಾದದ್ದು ನಾಲ್ಕೂವರೆ ಅಲ್ಲವೇ ಎಂದ. ಪ್ರಯೋಗಾಲಯದವರಿಗೆ ಮೊತ್ತ ತಪ್ಪುವುದಿಲ್ಲ.

ಸುಂಕದವನಾಗಿದ್ದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಯೇಸುವಿಗೆ ಹೇಳಿದ್ದ. ನನಗೆ ಒಂದರಷ್ಟು ಕೊಡುವುದೇ ಬೆಟ್ಟವಾಯಿತು. ಮೋಟಾರ್‌ಸೈಕಲ್ 1.10 ಲಕ್ಷಕ್ಕೆ ಹೋಯಿತು. ಕೂಡಿಟ್ಟಿದ್ದ 40 ಸಾವಿರ ಸೇರಿಸಿ ಅಜ್ಜಿಯ ಮನೆಗೆ ಹೋದೆ. ದಾರಿಯುದ್ದಕ್ಕೂ ಆಕೆ ಅಳುವುದನ್ನೂ ಕ್ಷಮಿಸುವುದನ್ನೂ ಕಲ್ಪಿಸಿಕೊಂಡಿದ್ದೆ. ಆಕೆ ಜಗಲಿಯಲ್ಲಿ ಕುಳಿತು ನಾನು ಹೇಳಿದ್ದನ್ನೆಲ್ಲ ಕೇಳಿದಳು, ನೋಟುಗಳನ್ನು ಎರಡು ಸಲ ಎಣಿಸಿದಳು, ಆಮೇಲೆ, ಉಳಿದದ್ದು ಯಾವಾಗ ಎಂದಳು. ಅವತ್ತು ಮಜ್ಜಿಗೆ ಕೊಡಲಿಲ್ಲ.

ಉಳಿದ ಇಬ್ಬರ ಪಾಲು ನನ್ನ ತಲೆಯ ಮೇಲೇಕೆ ಎಂದು ಎರಡು ಶುಕ್ರವಾರ ವಾದಿಸಿದೆ. ಕೊನೆಗೆ ಉತ್ತರ ಹೊಳೆದದ್ದು ಸರಳವಾಗಿ: ಆಕೆ ನಂಬಿದ್ದು ಆ ಇಬ್ಬರನ್ನಲ್ಲ. ಮೂರು ಲಕ್ಷ, ತಿಂಗಳಿಗೆ ಐದು ಸಾವಿರ, 60 ಕಂತು.

ಹಣದ ವಿಷಯದಲ್ಲಿ ವೆಸ್ಲಿಯದ್ದೇ ಇನ್ನೊಂದು ಲೆಕ್ಕ ನನಗೆ ಊರುಗೋಲಾಯಿತು. ಅವರಿಗೆ ಒಂದು ವರ್ಷ 30 ಪೌಂಡ್ ಬಂದಾಗ 28ರಲ್ಲಿ ಬದುಕಿ ಎರಡನ್ನು ಬಡವರಿಗೆ ಕೊಟ್ಟರು. ಮರುವರ್ಷ 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟರು. ಬರುವುದು ಏರಿದರೂ ತಿನ್ನುವುದು ಏರಲಿಲ್ಲ. ನಾನೂ ಹೆಂಡತಿಯೂ ಕುಳಿತು ಮನೆಯ ಖರ್ಚಿಗೆ ಒಂದು ಮೊತ್ತ ನಿಗದಿ ಮಾಡಿ, ಅದನ್ನು ಪಂಚಾಂಗದ ಹಿಂದೆ ಪೆನ್ಸಿಲಿನಲ್ಲಿ ಬರೆದೆವು. ಪೆನ್ಸಿಲ್ ಬೇಕೆಂದದ್ದು ಅವಳು. ಗ್ಯಾಸಿನ ಬೆಲೆ ಏರಿದರೆ ನಿನ್ನ ವೆಸ್ಲಿ ಬಂದು ಕೊಡುತ್ತಾರಾ ಎಂದಳು. ಎರಡು ಸಲ ಅಳಿಸಿ ಬರೆದಿದ್ದೇವೆ. ಆದರೂ ಮಿಕ್ಕದ್ದಕ್ಕೆ ಮೊದಲೇ ದಾರಿ ಗೊತ್ತಾಗಿರುವುದರಿಂದ ಅದು ಜೇಬಿನಲ್ಲಿ ಕುಳಿತು ಪಿಸುಗುಟ್ಟುವುದಿಲ್ಲ.

ಎಳೆತ ನಿಂತಿದೆಯೇ ಎಂದು ಕೇಳುವವರಿದ್ದಾರೆ. ನಿಂತಿಲ್ಲ. 2023ರ ಮಾರ್ಚ್‌ನಲ್ಲಿ ಹೆದ್ದಾರಿ ಉದ್ಘಾಟನೆಯಾದಾಗ ಹಳೆಯ ಬೋಗಿಯ ಒಬ್ಬರು ಹೊಸ ಕಾರಿನಲ್ಲಿ ಶಾಲೆಯ ಗೇಟಿನ ಮುಂದೆ ನಿಂತು, ಮೇಷ್ಟ್ರೇ ನೀವು ಅವಸರ ಮಾಡಿಕೊಂಡಿರಿ ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಸೊದೋಮ್ ಬೆಂಕಿಗೆ ಆಹುತಿಯಾಗುವಾಗ, ಹಿಂದೆ ನೋಡದೆ ಓಡಿ ಎಂದಿದ್ದರೂ ಲೋಟನ ಹೆಂಡತಿ ಹಿಂತಿರುಗಿ ನೋಡಿದ್ದೇಕೆ ಎಂದು ಆಶ್ಚರ್ಯಪಡುವವರು ತಮ್ಮ ಸೈಟನ್ನು ಎಂದೂ ಬಿಟ್ಟುಕೊಟ್ಟಿರಲಾರರು. ಆಕೆಯ ಮನೆ, ಒಲೆ, ಹಿತ್ತಲು ಎಲ್ಲ ಅಲ್ಲೇ ಉರಿಯುತ್ತಿದ್ದವಲ್ಲ.

ಕಳೆದ ತಿಂಗಳು 29ನೆಯ ಕಂತು ಕೊಡಲು ಹೋಗಿದ್ದೆ. ಅಜ್ಜಿ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗೆ ಹೋಗಿ ಮಜ್ಜಿಗೆ ತಂದಳು. ಶುಂಠಿ ಇತ್ತು. ಲೋಟವನ್ನು ಕೈಗೆ ಕೊಡುತ್ತಾ, ಮಗನ ಹೆಸರಿನಲ್ಲಿ ರಸ್ತೆ ಪಕ್ಕ ಹತ್ತು ಗುಂಟೆ ಇದೆ, ಮಾರುತ್ತಾನಂತೆ, ಯಾರಾದರೂ ಇದ್ದರೆ ನೋಡಿ ಮೇಷ್ಟ್ರೇ, ನಿಮ್ಮನ್ನು ಬಿಟ್ಟರೆ ಇನ್ನು ಯಾರನ್ನು ನಂಬಲಿ ಎಂದಳು.

ನಾನು ಆ ಕೆಲಸ ಬಿಟ್ಟಿದ್ದೇನೆ ಎಂದು ಹೇಳಿ ಎದ್ದೆ. ಬಸ್ ನಿಲ್ದಾಣ ಮುಟ್ಟುವ ಮುಂಚೆಯೇ ಹತ್ತು ಗುಂಟೆಗೆ ಈಗಿನ ದರ ಎಷ್ಟು, ಎರಡು ಪರ್ಸೆಂಟ್ ಎಷ್ಟು, ಆ ದುಡ್ಡಿನಲ್ಲಿ ಆಕೆಯದೇ ಎಷ್ಟು ಕಂತು ಒಟ್ಟಿಗೆ ತೀರಿಸಬಹುದು ಎಂಬುದೆಲ್ಲ ತಲೆಯಲ್ಲಿ ಸಿದ್ಧವಾಗಿತ್ತು. ಶುಕ್ರವಾರ ಕೆರೆ ಏರಿಯ ಮೇಲೆ ಗೆಳೆಯ ನಾಲ್ಕನೆಯ ಪ್ರಶ್ನೆಗೆ ಬಂದಾಗ ಆ ಲೆಕ್ಕವನ್ನು ಹಾಗೆಯೇ, ಒಂದು ರೂಪಾಯಿಯನ್ನೂ ಬಿಡದೆ, ಅವನಿಗೆ ಒಪ್ಪಿಸಿದೆ.