ಆಸಿಡ್‌ಗೆ ಮೊದಲು ಕಾಸ್ಟಿಕ್: ಡಯಾಲಿಸಿಸ್ ಆರ್‌ಒ ಮೆಂಬ್ರೇನ್ ತೊಳೆದ ಅನುಭವ

ಮಂಡ್ಯದ ಬೋರ್ ನೀರು ಅಂದಕೂಡಲೇ ಎಲ್ಲರ ಬಾಯಲ್ಲಿ ಬರೋದು ಸುಣ್ಣ. ನಮ್ಮ ಡಯಾಲಿಸಿಸ್ ಘಟಕಕ್ಕೆ ಶುದ್ಧ ನೀರು ಕೊಡುವ ಆರ್‌ಒ ಯಂತ್ರದ (ಮೆಂಬ್ರೇನ್ ಅನ್ನೋ ಪೊರೆಯ ಮೂಲಕ ನೀರು ಸೋಸುವಂಥದ್ದು) ಉತ್ಪಾದನೆ ಗಂಟೆಗೆ 500 ಲೀಟರಿನಿಂದ 300ರ ಆಸುಪಾಸಿಗೆ ಇಳಿದಾಗಲೂ ಅದನ್ನೇ ಹೇಳಿದರು. ಹತ್ತು ಮಷಿನ್, ತಲಾ ನಿಮಿಷಕ್ಕೆ 500 ಮಿ.ಲೀ. ಅಂದರೆ ಡಯಾಲಿಸೇಟ್‌ಗೇ (ರಕ್ತ ಶುದ್ಧಿಗೆ ಮಷಿನ್‌ನಲ್ಲಿ ಹರಿಯುವ ದ್ರಾವಣ) ಗಂಟೆಗೆ 300 ಲೀಟರ್ ಬೇಕು. ಮಷಿನ್ ತೊಳೆಯೋಕೆ (ರಿನ್ಸ್) ನೀರು ಸಾಲದೆ ಅಲಾರ್ಮ್ ಹೊಡೆಯತೊಡಗಿತು. ಎರಡು ಸಲ ಬರೀ ಸಿಟ್ರಿಕ್ ಆಸಿಡ್‌ನಲ್ಲಿ ತೊಳೆದೆವು. ಹತ್ತು-ಹನ್ನೆರಡು ದಿನ ನೆಟ್ಟಗಿದ್ದು ಮತ್ತೆ ಇಳೀತು. ಎರಡನೇ ಸಲವಂತೂ ಮೊದಲಿಗಿಂತ ಕೆಳಕ್ಕೆ. ಹೊಸ 4040 ಮೆಂಬ್ರೇನ್ (4 ಇಂಚು ದಪ್ಪ, 40 ಇಂಚು ಉದ್ದ) ಎರಡಕ್ಕೆ 28,000 ಚಿಲ್ಲರೆ ಕೊಟೇಶನ್ ಬಂತು.

ಮೆಂಬ್ರೇನ್ ಕೂರುವ ಕೊಳವೆ (ಹೌಸಿಂಗ್) ಬಿಚ್ಚಿ ಮೆಂಬ್ರೇನಿನ ಮುಖಕ್ಕೆ ಬೆರಳಾಡಿಸಿದರೆ ಮೇಲೆ ರವೆಯಂಥ ಸುಣ್ಣ, ಅಡಿಯಲ್ಲಿ ಜಾರುವ ಲೋಳೆ. ಕಾರ್ಬನ್ ಟ್ಯಾಂಕ್ ಕ್ಲೋರಿನ್ ಹಿಡಿದುಕೊಂಡ ಮೇಲೆ ಅಲ್ಲಿಂದ ಮುಂದೆ ಬ್ಯಾಕ್ಟೀರಿಯಾಕ್ಕೆ ತಡೆಯೇ ಇಲ್ಲ. ಆ ಲೋಳೆಗೆ ಮೊದಲು ಆಸಿಡ್ ಬಿದ್ದರೆ ಒಡೆದ ಹಾಲಿನ ಹಾಗೆ ಗಟ್ಟಿಕಟ್ಟಿ ಕಚ್ಚಿಕೊಳ್ಳುತ್ತೆ. ಅದಕ್ಕೇ ಲೋಳೆ ಬಿಡಿಸುವ ಕಾಸ್ಟಿಕ್ (ಕಾಸ್ಟಿಕ್ ಸೋಡಾ, ಕ್ಷಾರ) ಮೊದಲು. ‘ಕಾಸ್ಟಿಕ್ ಹಾಕಿದ್ರೆ ಸುಣ್ಣ ಇನ್ನೂ ಕೂರುತ್ತೆ ಸಾರ್’ ಅಂತ ಸರ್ವಿಸಿನವರು ನಕ್ಕರು. ಬೋರ್ ನೀರಲ್ಲಿ ಕಲಸಿದರೆ ಅವರ ಮಾತು ನಿಜ. ನಾವು ಕಲಸಿದ್ದು ಹಿಂದಿನ ದಿನ ಹಿಡಿದಿಟ್ಟ ಆರ್‌ಒ ನೀರಲ್ಲಿ.

ರೋಗಿಗಳಿಲ್ಲದ ಭಾನುವಾರ ಮಷಿನ್ ಕಡೆಯ ಲೂಪ್ (ನೀರು ಹಂಚುವ ಪೈಪ್) ಮುಚ್ಚಿ, ಪ್ರಾಡಕ್ಟ್ (ಶುದ್ಧ ನೀರು) ಮತ್ತು ರಿಜೆಕ್ಟ್ (ಉಳಿದ ಉಪ್ಪು ನೀರು) ಎರಡೂ ಪೈಪನ್ನು ತೊಳೆಯುವ ಟ್ಯಾಂಕಿಗೇ ತಿರುಗಿಸಿಕೊಳ್ಳಬೇಕು. 40 ಲೀಟರಿಗೆ ಕಾಸ್ಟಿಕ್ ಚೂರುಚೂರೇ ಹಾಕಿ ಪಿಎಚ್ 12ಕ್ಕೆ ನಿಲ್ಲಿಸಿದೆವು. 20 ಗ್ರಾಂ ಹಿಡಿಸಿತು. ಬಿಸಿ 35 ಡಿಗ್ರಿ ದಾಟಬಾರದು, ಒತ್ತಡ 2–3 ಕೆಜಿ ಸಾಕು. ಹೆಚ್ಚಾದರೆ ಕೊಳೆ ಮೆಂಬ್ರೇನಿಗೇ ಒತ್ತಿಕೊಳ್ಳುತ್ತೆ. ಮೊದಲು ಬಂದದ್ದು ಡ್ರೈನಿಗೆ. ಅರ್ಧ ಗಂಟೆ ಓಡಿಸು, ಒಂದು ಗಂಟೆ ನೆನೆಸು, ಮತ್ತೆ ಅರ್ಧ ಗಂಟೆ. ನೆನೆದ ಮೇಲೆ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣ! 

ಪಿಎಚ್ ಮಾಮೂಲಿಗೆ ಬರುವ ತನಕ ಆರ್‌ಒ ನೀರಲ್ಲಿ ತೊಳೆದು, ಆಮೇಲೆ 800 ಗ್ರಾಂ ಸಿಟ್ರಿಕ್, ಅದೇ ಕ್ರಮ. ಮತ್ತೆ ತೊಳೆದು ಕೊನೆಗೆ ಕ್ರಿಮಿ ಕೊಲ್ಲೋಕೆ 0.2% ಪೆರಾಸಿಟಿಕ್ ಆಸಿಡ್. ಇದನ್ನು ಸಿಟ್ರಿಕ್‌ಗಿಂತ ಮುಂಚೆ ಹಾಕಬೇಡಿ. ಕಬ್ಬಿಣ ಉಳಿದಿದ್ದರೆ ಪೆರಾಸಿಟಿಕ್ ಮೆಂಬ್ರೇನನ್ನೇ ತಿನ್ನುತ್ತೆ. ಬ್ಲೀಚ್ ಅಂತೂ ಹತ್ತಿರಕ್ಕೂ ಬೇಡ.

ಪೆರಾಸಿಟಿಕ್ ಪರೀಕ್ಷಾ ಪಟ್ಟಿ ಸೊನ್ನೆ ತೋರಿಸಿ, ಕಂಡಕ್ಟಿವಿಟಿ (ನೀರಲ್ಲಿ ಉಳಿದ ಲವಣದ ಅಳತೆ) ಮಾಮೂಲಿಗೆ ಬಂದು, ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿ.ಗ್ರಾಂಗಿಂತ ಕೆಳಗಿದೆ ಅಂತ ಖಾತ್ರಿಯಾದ ಮೇಲಷ್ಟೇ ಲೂಪ್ ತೆರೆದದ್ದು. ಬ್ಯಾಕ್ಟೀರಿಯಾ ಕಲ್ಚರ್, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಸ್ಯಾಂಪಲ್ ಕೂಡ ಕಳಿಸಿದೆವು.

ಉತ್ಪಾದನೆ 470ಕ್ಕೆ ಏರಿತು, ಏಳು ತಿಂಗಳಾದರೂ 450ರ ಕೆಳಗಿಳಿದಿಲ್ಲ. ಖರ್ಚು ಸಾವಿರದೊಳಗೆ. ನಕ್ಕವರೇ ಈಗ ಅಳತೆ ಕೇಳ್ತಾರೆ.

ನಡುವೆ ರಿಜೆಕ್ಟ್ ನೀರನ್ನು ಕರಿಬೇವಿನ ಗಿಡಕ್ಕೆ ಬಿಟ್ಟು ನೋಡಿದೆವು. ಅದು ಸಾಫ್ಟ್‌ನರ್ (ಆರ್‌ಒಗೆ ಮುಂಚೆ ಸುಣ್ಣ ತೆಗೆದು ಬದಲಿಗೆ ಸೋಡಿಯಂ ಬಿಡುವ ಟ್ಯಾಂಕ್) ದಾಟಿ ಬಂದ ಸೋಡಿಯಂ ನೀರು. ಎಲೆ ಅಂಚು ಸುಟ್ಟಿತು. ಈಗ ಶೌಚಾಲಯಕ್ಕೆ.

ಇಷ್ಟಕ್ಕೂ ಸುಣ್ಣ ಮೆಂಬ್ರೇನ್ ತನಕ ಬಂದದ್ದು ಸಾಫ್ಟ್‌ನರ್ ಉಪ್ಪಿನ ಟ್ಯಾಂಕಿನಲ್ಲಿ ಉಪ್ಪು ಹೆಂಟೆಕಟ್ಟಿ ಕೂತಿದ್ದರಿಂದ. ನಾವು ಗಡಸುತನ ನೋಡುತ್ತಿದ್ದದ್ದು ಬೆಳಿಗ್ಗೆ, ರೀಜನರೇಷನ್ (ಉಪ್ಪು ನೀರು ಹರಿಸಿ ಸಾಫ್ಟ್‌ನರ್ ಅನ್ನು ಮತ್ತೆ ಸಜ್ಜು ಮಾಡುವುದು) ಮುಗಿದ ತಕ್ಷಣ. ಆಗ ಎಂಥ ಸಾಫ್ಟ್‌ನರೂ ಪಾಸಾಗುತ್ತೆ. ಈಗ ಕೊನೇ ಶಿಫ್ಟ್ ಮುಗಿದ ಮೇಲೆ ನೋಡ್ತೀವಿ.